ಅಪ್ಪನ ಮಂಡಿ ಕೆಳಗಿನ ದಿಂಬು ತೆಗೆದುಬಿಡು

ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಕ್ಕಳ ನೆಗಡಿ ಕಡಿಮೆ ಆಯಿತು. ನೀನು ಹೇಳಿ ಸುಮಾ ಟೈಪ್ ಮಾಡಿ ಕಳಿಸಿದ ಪತ್ರ ನಿನ್ನೆ ರಾತ್ರಿ ಓದಿದೆ. ಫೋನ್ ಮಾಡಿದಾಗೆಲ್ಲ ಅಪ್ಪ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ನೀನು ಎಲ್ಲ ಸರಿಯಾಗಿದೆ ಅನ್ನುತ್ತಿದ್ದೆ ಅಂತ ಈಗ ಗೊತ್ತಾಯಿತು.

ಮೊದಲು, ನನ್ನ ಆ ಫೋಟೋ ನೋಡಿ ನೀನು ಹೆದರಿದ ವಿಷಯ ಹೇಳಿಬಿಡುತ್ತೇನೆ. ನನಗೆ ಏನೂ ಆಗಿಲ್ಲ ಅಮ್ಮ. ಬಿದ್ದಿಲ್ಲ, ಕಾಲು ಉಳುಕಿಲ್ಲ. ಮುಖ ಕೆಂಪಗೆ ಕಾಣುವುದು ನೆಲದಿಂದ ಬರುವ ಬೆಳಕಿಗೆ. ಆಫೀಸಿನವರು ಹದಿನಾಲ್ಕು ಜನ ಸೇರಿ ಆಟ ಆಡೋಕೆ ಹೋಗಿದ್ದೆವು. ಈಗ ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಹೊರಗೆ ಆಡುವ ಹಾಗಿಲ್ಲ. ಅದಕ್ಕೆ ದೊಡ್ಡ ಕಟ್ಟಡದೊಳಗೆ ಸಣ್ಣ ಸಣ್ಣ ಕೋಣೆ ಮಾಡಿ, ಒಂದೊಂದರಲ್ಲಿ ಒಂದೊಂದು ಆಟ ಇಟ್ಟಿದ್ದಾರೆ. ಮೂರೋ ನಾಲ್ಕೋ ಜನ ಒಂದು ಗುಂಪಾಗಿ ಒಳಗೆ ಹೋಗಬೇಕು. ಬಾಗಿಲು ಮುಚ್ಚುತ್ತದೆ, ಆಟ ಶುರು.

ಕೈಗೆ ಒಂದು ರಬ್ಬರ್ ಪಟ್ಟಿ ಕಟ್ಟುತ್ತಾರೆ. ಅದರಲ್ಲಿ ಚಿಪ್ ಇದೆ, ಬ್ಯಾಟರಿ ಇಲ್ಲ. ಮೆಟ್ರೋ ಕಾರ್ಡ್ ತರ, ಬಾಗಿಲ ಪಕ್ಕದ ಯಂತ್ರಕ್ಕೆ ಹಿಡಿದರೆ ಸಾಕು, ಯಾರು ಬಂದರು, ಎಷ್ಟು ಅಂಕ ಬಂತು ಎಲ್ಲ ಬರೆದುಕೊಳ್ಳುತ್ತದೆ. ಒಳಗೆ ಬಿಡುವ ಮುಂಚೆ, ಏಟಾದರೆ ನನ್ನದೇ ಹೊಣೆ ಅಂತ ಸಹಿ ಹಾಕಿಸಿಕೊಂಡರು. ಇದನ್ನು ಕೇಳಿ ಮತ್ತೆ ಹೆದರಬೇಡ. ಇಲ್ಲಿ ಮಕ್ಕಳನ್ನು ಶಾಲೆಯಿಂದ ಪಾರ್ಕಿಗೆ ಕರೆದುಕೊಂಡು ಹೋಗೋಕೂ ಸಹಿ ಕೇಳುತ್ತಾರೆ.

ಫೋಟೋದಲ್ಲಿರುವುದು ನೆಲದ ಆಟ. ಒಂದೊಂದು ಚೌಕದ ಕೆಳಗೂ ದೀಪ ಇದೆ, ಕಾಲಿಟ್ಟದ್ದು ಗೊತ್ತಾಗುವ ಸೆನ್ಸರ್ ಇದೆ. ನೀಲಿ ಚೌಕ ತುಳಿಯಬೇಕು. ಕೆಂಪು ತುಳಿದರೆ ಒಂದು ಜೀವ ಹೋಯಿತು. ಗುಂಪಿಗೆಲ್ಲ ಸೇರಿ ಐದೇ ಜೀವ. ಎರಡು ಮೂರು ನಿಮಿಷದ ಆಟ ಅಷ್ಟೇ, ಆದರೆ ಬೆನ್ನೆಲ್ಲ ಬೆವರು. ನಮ್ಮ ಕುಂಟಾಬಿಲ್ಲೆಯಲ್ಲಿ ಗೆರೆ ತುಳಿದರೆ ಔಟು, ಇಲ್ಲಿ ಗೆರೆಗಳೇ ಓಡಾಡುತ್ತವೆ. ಒಂಟಿ ಕಾಲಲ್ಲಿ ನಿಲ್ಲುವುದರಲ್ಲಿ ಆ ಹದಿನಾಲ್ಕು ಜನರಲ್ಲಿ ನಾನೇ ಮುಂದೆ. ಅಂಗಳದಲ್ಲಿ ಕಲಿತದ್ದು ಎಲ್ಲೂ ಹೋಗಿಲ್ಲ.

ಇನ್ನೊಂದು ಕೋಣೆಯ ಆಟದಲ್ಲಿರುವ ಹಸಿರು ಬೆಳಕಿನ ಗೆರೆ ಕಣ್ಣಿಗೆ ಅಪಾಯ ಅಲ್ವಾ ಅಂತ ಕೇಳಿದ್ದೀಯ. ಅದು ಕಡಿಮೆ ಶಕ್ತಿಯ ಲೇಸರ್. ಅದಕ್ಕೆ ನೇರವಾಗಿ ಕಣ್ಣಿಟ್ಟು ನೋಡಬಾರದು ಅಂತ ಮೊದಲೇ ಹೇಳಿದ್ದರು, ನಾನು ನೋಡಲಿಲ್ಲ. ಕೋಣೆಗೆ ತೆಳು ಹೊಗೆ ಬಿಟ್ಟಿರುತ್ತಾರೆ, ಇಲ್ಲದಿದ್ದರೆ ಆ ಗೆರೆ ಕಾಣುವುದೇ ಇಲ್ಲ. ಧೂಳಿದ್ದರೆ ಬಿಸಿಲುಕೋಲು ಕಾಣುತ್ತಲ್ಲ, ಹಾಗೆ. ಇನ್ನು ಲೇಸರ್ ಟ್ಯಾಗ್ ಅಂತ ಒಬ್ಬರಿಗೊಬ್ಬರು ಗುರಿ ಇಡುವ ಆಟದ ಗನ್ನು. ಲೇಸರ್ ಅನ್ನುವುದು ಹೆಸರಿಗಷ್ಟೇ. ಅದರಿಂದ ಬರುವುದು ಟಿವಿ ರಿಮೋಟಿನಿಂದ ಬರುವಂಥದೇ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಎದುರಿನವರ ಜಾಕೆಟ್‌ನ ಸೆನ್ಸರ್‌ಗೆ ತಾಗಿದರೆ ಅಂಕ. ಅಮೆರಿಕದ ಡಲ್ಲಾಸ್‌ನಲ್ಲಿ 1984ರಲ್ಲೇ ಇಂಥ ಅಖಾಡ ಶುರುವಾಗಿತ್ತು. ಅವತ್ತಿಂದ ಮಕ್ಕಳು ಮರಿ ಎಲ್ಲ ಆಡುತ್ತಿದ್ದಾರೆ. ಈ ಚಿಂತೆ ಇಲ್ಲಿಗೇ ಬಿಡು.

ಈಗ ಅಪ್ಪನ ವಿಷಯ.

ಮಂಡಿ ಬದಲಾಯಿಸುವ ಆಪರೇಷನ್ ಆಗಿ ಹನ್ನೆರಡು ದಿನ, ಬಚ್ಚಲಿಗೆ ಬಿಟ್ಟರೆ ಹಾಸಿಗೆಯಿಂದ ಇಳಿಯುತ್ತಿಲ್ಲ ಅಂತ ಬರೆದಿದ್ದೀಯ. ವ್ಯಾಯಾಮ ಮಾಡಿಸೋಕೆ ಬರುವ ಫಿಸಿಯೋ ಹುಡುಗನನ್ನು ಎರಡು ಸಲ ಬಾಗಿಲಿಂದಲೇ ಕಳಿಸಿದ್ದಾರೆ. ಕಾಲಿಗೆ ಹಾಯಾಗಿರಲಿ ಅಂತ ನೀನು ಮಂಡಿ ಕೆಳಗೆ ದಿಂಬು ಇಟ್ಟಿದ್ದೀಯ. ಅಮ್ಮ, ಆ ದಿಂಬು ಈಗಲೇ ತೆಗಿ. ಓದುವುದು ನಿಲ್ಲಿಸಿ ತೆಗೆದು ಬಾ. ಮಂಡಿ ಕೆಳಗೆ ದಿಂಬಿದ್ದರೆ ಹಿತವಾಗಿರುತ್ತದೆ, ನಿಜ. ಆದರೆ ಮಂಡಿ ಹಾಗೇ ಬಾಗಿದ ಜಾಗದಲ್ಲೇ ಬಿಗಿದುಕೊಳ್ಳುತ್ತದೆ, ಆಮೇಲೆ ಕಾಲು ನೆಟ್ಟಗೆ ಚಾಚೋಕೆ ಬರುವುದಿಲ್ಲ. ಹಿಮ್ಮಡಿ ಕೆಳಗೆ ಒಂದು ಟವೆಲ್ ಸುರುಳಿ ಸುತ್ತಿ ಇಡು. ಮಂಡಿ ತಾನಾಗಿ ಕೆಳಗೆ ಇಳಿಯಲಿ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಮ್ಮ ಮ್ಯಾನೇಜರ್‌ಗೂ ಮಂಡಿ ಬದಲಾಯಿಸಿದ್ದಾರೆ. ಅವರಿಗೆ 61 ವರ್ಷ, ಬಲಮಂಡಿ, ಎರಡು ವರ್ಷ ಆಯಿತು. ಅವರೂ ಆಟಕ್ಕೆ ಬಂದಿದ್ದರು. ಕಟ್ಟಡದ ಮುಂದೆ ಬರೀ ಮೂರು ಮೆಟ್ಟಿಲು. ಅವರು ಕಂಬಿ ಹಿಡಿದು ಮೊದಲು ಎಡಗಾಲು ಇಟ್ಟರು, ಆಮೇಲೆ ಬಲಗಾಲನ್ನು ಅದೇ ಮೆಟ್ಟಿಲಿಗೆ ತಂದರು. ವಾಪಸ್ ಬರುವಾಗ ಬಲಗಾಲು ಮೊದಲು. ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಆಸ್ಪತ್ರೆಯಲ್ಲಿ ಹಾಗೆ ಕಲಿಸಿದ್ದಂತೆ, ಕಾಲಿಗೆ ಇನ್ನೂ ಅದೇ ಅಭ್ಯಾಸ. ಅಪ್ಪ ಮೆಟ್ಟಿಲು ಶುರು ಮಾಡಿದಾಗ ಇದನ್ನು ಹೇಳಿಕೊಡು.

ಓಡುವ, ಹಾರುವ ಕೋಣೆಗೆ ಅವರು ಬರಲಿಲ್ಲ. ಹೊಸ ಮಂಡಿಗೆ ಆ ಪೆಟ್ಟು ಒಳ್ಳೆಯದಲ್ಲ, ನಡೆಯುವುದು, ಈಜುವುದು ಮಾಡಬಹುದು. ನೆಲದ ಆಟದಲ್ಲಿ ಎಲ್ಲಕ್ಕಿಂತ ನಿಧಾನದ್ದನ್ನು ಆರಿಸಿಕೊಂಡರು. ಕೆಳತುಟಿ ಕಚ್ಚಿಕೊಂಡು ಒಂದೊಂದೇ ನೀಲಿ ಚೌಕ ಹುಡುಕಿ ಕಾಲಿಟ್ಟರು. ಕಳೆದ ತಿಂಗಳು ಕೆಲಸಕ್ಕೆ ಸೇರಿದ ಹುಡುಗ ಹಿಂದಿನಿಂದ ಹೆಸರು ಹಿಡಿದು ಕೂಗುತ್ತಿದ್ದ, ಎಡಕ್ಕೆ, ಎಡಕ್ಕೆ ಅಂತ. ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಆಟ ಮುಗಿದು ನೆಲ ಪೂರ್ತಿ ಹಸಿರಾದಾಗ ಅವರು ಅಂಗೈಯಲ್ಲಿ ಮಂಡಿ ಉಜ್ಜಿಕೊಂಡರು. ಇನ್ನೊಂದು ಸಲ ಆಡೋಣ ಅಂದರು. ಆಗ ನನಗೆ ಅಪ್ಪನೇ ಕಣ್ಣ ಮುಂದೆ ಬಂದರು. ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ನಿಂತೆ.

ಆಮೇಲೆ ಅವರನ್ನೇ ಕೂರಿಸಿಕೊಂಡು ಎಲ್ಲ ಕೇಳಿದೆ. ಆಪರೇಷನ್ ಆದ ದಿನ ಸಂಜೆಯೇ ವಾಕರ್ ಕೊಟ್ಟು ನಿಲ್ಲಿಸಿದರಂತೆ. ಮಂಡಿ ಮಡಿಸುವಾಗ ಅಳುತ್ತಿದ್ದರಂತೆ. ಗಂಡ ಪಕ್ಕದಲ್ಲಿ ಕೂತು ಒಂದು, ಎರಡು ಅಂತ ಎಣಿಸುತ್ತಿದ್ದರಂತೆ. ನೀನೂ ಹಾಗೆ ಕೂತು ಎಣಿಸು ಅಮ್ಮ. ಫಿಸಿಯೋ ಹುಡುಗನ ಮಾತು ಮೀರಬಹುದು, ನಿನ್ನ ಮಾತು ಮೀರುವುದಿಲ್ಲ ಅಪ್ಪ.

ಕುರ್ಚಿಯಿಂದ ಸರಿಯಾಗಿ ಏಳಬೇಕು ಅಂದರೆ ಮಂಡಿ 90 ಡಿಗ್ರಿಯಾದರೂ ಮಡಿಸಬೇಕು. ಈ ಮೊದಲ ವಾರಗಳಲ್ಲಿ ಮಡಿಸುವುದನ್ನು ಬಿಟ್ಟುಬಿಟ್ಟರೆ ಒಳಗೆಲ್ಲ ಬಿಗಿದುಕೊಳ್ಳುತ್ತದೆ. ಆಮೇಲೆ ಮತ್ತೆ ಅರಿವಳಿಕೆ ಕೊಟ್ಟು ಡಾಕ್ಟರೇ ಮಡಿಸಬೇಕಾದೀತು. ಅಪ್ಪನಿಗೆ ಅದು ಬೇಡ. ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಸ್ವಲ್ಪ ಮುಂಚೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳು. ಐಸ್ ಇಡುವಾಗ ಮಧ್ಯೆ ಬಟ್ಟೆ ಇರಲಿ, 20 ನಿಮಿಷ ಸಾಕು. ಮಲಗಿದ್ದಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ಸುಮ್ನೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ. ಮೀನಖಂಡ ಊದಿಕೊಂಡು ಬಿಸಿಯಾದರೆ ಅವತ್ತೇ ಡಾಕ್ಟರಿಗೆ ತೋರಿಸು. ಎದೆ ನೋವು, ಉಸಿರಾಟದ ತೊಂದರೆ ಬಂದರೆ ಒಂದು ನಿಮಿಷವೂ ಕಾಯಬೇಡ, ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೊರಡು. ಗಿರಿ ಮಾಮನಿಗೆ ಕಾರು ರೆಡಿ ಇಟ್ಟಿರೋಕೆ ನಾನೇ ಹೇಳಿದ್ದೇನೆ. ಹಾಗೇನೂ ಆಗಲ್ಲ. ಅಪ್ಪ ಖಂಡಿತ ಮೊದಲಿನ ಹಾಗೆ ಓಡಾಡುತ್ತಾರೆ. ನೀನು ಧೈರ್ಯವಾಗಿರು, ಊಟ ಬಿಡಬೇಡ.

ಫಿಸಿಯೋ ದಿನಾ ಬರಲಿ, ದುಡ್ಡು ನಾನು ಕಳಿಸುತ್ತೇನೆ. ರಜಾ ಕೇಳಿದ್ದೇನೆ, ಸಿಕ್ಕ ತಕ್ಷಣ ಟಿಕೆಟ್ ಮಾಡಿಸುತ್ತೇನೆ.

ಸುಮಾ, ಈ ಪತ್ರ ಅಪ್ಪನ ಎದುರಿಗೇ ಓದು. ಅಪ್ಪ, ಫಿಸಿಯೋ ಹುಡುಗ ನಾಳೆ ಬಂದರೆ ಒಳಗೆ ಕರೆಯಿರಿ. ನನಗೋಸ್ಕರ.

ಮಕ್ಕಳ ಬಸ್ ಬರುವ ಹೊತ್ತಾಯಿತು, ಕೆಳಗೆ ಹೋಗಬೇಕು. ದೊಡ್ಡಮ್ಮನಿಗೆ ನಮಸ್ಕಾರ ಹೇಳು. ದಿಂಬು ತೆಗೆದೆಯಾ ಇಲ್ವಾ, ಸುಮಾ ಕೈಲಿ ಇವತ್ತೇ ಮೆಸೇಜ್ ಮಾಡಿಸು.

ನಿನ್ನ
ಲತಾ