ಅಕ್ಕಪಕ್ಕದವರ ದುಃಖಕ್ಕೊಂದು ಜಾಗ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಿಮ್ಮ ಬಡಾವಣೆಯವರೆಲ್ಲ ಸೇರಿ, ಅಗಲಿದವರ ನೆನಪಿನಲ್ಲಿ ಒಂದು ದಿನದ ಕಲಾಕೂಟ ನಡೆಸಲು ನಿರ್ಧರಿಸಿರುವುದನ್ನೂ ಅದರ ಹೊಣೆಯನ್ನು ನೀನು ಹೊತ್ತಿರುವುದನ್ನೂ ತಿಳಿದು ಬಹಳ ಸಂತೋಷವಾಯಿತು. ಬಣ್ಣ, ಬಟ್ಟೆ, ಜೇಡಿಮಣ್ಣು ಇವುಗಳಲ್ಲಿ ಯಾವುದು ಒಳ್ಳೆಯದೆಂದು ಕೇಳಿದ್ದೀಯೆ. ಅದಕ್ಕೂ ಮೊದಲು, ಕೂಟ ಮುಗಿದ ಮರುವಾರ ಯಾರು ಯಾರ ಮನೆಯ ಬಾಗಿಲು ತಟ್ಟುತ್ತಾರೆ ಎಂಬುದನ್ನು ನೀವು ತೀರ್ಮಾನಿಸಿಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ.

1985ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಮೇಣದಬತ್ತಿಯ ಮೆರವಣಿಗೆಯಲ್ಲಿ ಕ್ಲೀವ್ ಜೋನ್ಸ್ ಎಂಬ ಕಾರ್ಯಕರ್ತರು, ಏಡ್ಸ್‌ನಿಂದ ತೀರಿಕೊಂಡ ತಮ್ಮವರ ಹೆಸರುಗಳನ್ನು ರಟ್ಟಿನ ಮೇಲೆ ಬರೆಯುವಂತೆ ಜನರನ್ನು ಕೇಳಿಕೊಂಡರು. ಅವನ್ನೆಲ್ಲ ಸರ್ಕಾರಿ ಕಟ್ಟಡವೊಂದರ ಗೋಡೆಗೆ ಅಂಟಿಸಿದಾಗ ಅದು ಅವರ ಕಣ್ಣಿಗೆ ಕೌದಿಯಂತೆ ಕಂಡಿತು. ಏಡ್ಸ್ ಸ್ಮಾರಕ ಕೌದಿಯ ಕಲ್ಪನೆ ಹುಟ್ಟಿದ್ದು ಹಾಗೆ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಬಯಲಿನಲ್ಲಿ ಅದನ್ನು ಮೊದಲ ಬಾರಿಗೆ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಪ್ರತಿಯೊಂದೂ 3 ಅಡಿ ಅಗಲ, 6 ಅಡಿ ಉದ್ದ, ಅಂದರೆ ಹೆಚ್ಚುಕಡಿಮೆ ಒಂದು ಸಮಾಧಿಯಷ್ಟು. ಆ ಕಾಯಿಲೆಯ ಹೆಸರೆತ್ತಲೂ ಎಷ್ಟೋ ಕುಟುಂಬಗಳು ಹೆದರುತ್ತಿದ್ದ, ಶವಸಂಸ್ಕಾರ ನಡೆಸಿಕೊಡಲು ಕೆಲವರು ಒಪ್ಪದಿದ್ದ ಕಾಲ ಅದು ಎಂಬುದನ್ನು ನೆನೆದರೆ, ಸತ್ತವರ ಅಂಗಿಯ ತುಂಡನ್ನೋ ಮೆಚ್ಚಿನ ಬಣ್ಣವನ್ನೋ ಇಟ್ಟು ಹೆಸರನ್ನು ಹೊಲಿಯಲು ಹತ್ತಾರು ಜನ ಒಂದೆಡೆ ಕೂತದ್ದೇ ದೊಡ್ಡ ಆಸರೆಯಾಗಿತ್ತು ಎಂಬುದು ನಿನಗೆ ಅರ್ಥವಾಗುತ್ತದೆ.

1973ರಲ್ಲಿ ಸೇನೆ ಅಧಿಕಾರವನ್ನು ಕಿತ್ತುಕೊಂಡ ನಂತರ ಚಿಲಿ ದೇಶದಲ್ಲಿ ಮಕ್ಕಳನ್ನೂ ಗಂಡಂದಿರನ್ನೂ ಕಳೆದುಕೊಂಡ ಹೆಂಗಸರು ಚರ್ಚಿನ ನೆರವಿನಿಂದ ನಡೆಯುತ್ತಿದ್ದ ಹೊಲಿಗೆಯ ಕೂಟಗಳಲ್ಲಿ ಸೇರಿ, ಗೋಣಿ ಬಟ್ಟೆಯ ಮೇಲೆ ತುಂಡು ಬಟ್ಟೆಗಳಿಂದ ತಮ್ಮ ಬದುಕಿನ ಚಿತ್ರಗಳನ್ನು ಕೂಡಿಸಿದರು. ಅವು ಹೊರದೇಶಗಳಲ್ಲಿ ಮಾರಾಟವಾಗಿ ಆ ಮನೆಗಳ ಖರ್ಚಿಗೂ ಒದಗಿದವು. ಅಳುವುದಕ್ಕೆ ಜೊತೆಯೂ ಉಣ್ಣುವುದಕ್ಕೆ ದಾರಿಯೂ ಒಂದೇ ಜಾಗದಲ್ಲಿ ಸಿಕ್ಕಿದ್ದು ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಉಳಿದಿದೆ.

ಆದ್ದರಿಂದ ನೀನು ಬಟ್ಟೆಯನ್ನೇ ಆರಿಸಿಕೊಂಡು ಎಲ್ಲರಿಂದ ಒಂದು ಕೌದಿ ಹೊಲಿಸು ಎನ್ನುತ್ತೇನೆ. ಕೈ ಕೆಲಸ ಮಾಡುತ್ತಿರುವಾಗ ಎದುರಿನವರ ಮುಖ ನೋಡದೆಯೂ ಮಾತಾಡಬಹುದು, ಮಾತಾಡದೆಯೂ ಇರಬಹುದು. ಬಹುಮಾನ, ವೇದಿಕೆ, ಮುಖ್ಯ ಅತಿಥಿ ಯಾವುದೂ ಬೇಡ. ಯಾರ ಹೊಲಿಗೆ ಚೆನ್ನಾಗಿದೆ ಎಂಬ ಮಾತೇ ಅಲ್ಲಿ ಬರಬಾರದು.

ಯಾರನ್ನು ಕರೆಯಬೇಕೆಂಬುದರಲ್ಲಿ ಮಾತ್ರ ಹೆಚ್ಚು ಎಚ್ಚರ ವಹಿಸು. ಹೊಟ್ಟೆಯಲ್ಲೇ ಮಗುವನ್ನು ಕಳೆದುಕೊಂಡವರು, ಮನೆಯವರೊಬ್ಬರು ಆತ್ಮಹತ್ಯೆ ಮಾಡಿಕೊಂಡಿರುವವರು, ಸತ್ತವರೊಡನೆ ಬಾಳಿಯೂ ಸಂಬಂಧಿಕರೆನಿಸಿಕೊಳ್ಳದವರು, ಯಜಮಾನರ ಸಾವಿಗಾಗಿ ಒಳಗೊಳಗೇ ಅಳುವ ಮನೆಗೆಲಸದವರು, ಇವರ ಬಳಿ ಹೋಗಿ ಯಾರೂ ಸಾಂತ್ವನ ಹೇಳುವುದಿಲ್ಲ. ಇಂಥ ಸಂಕಟವನ್ನು ಸಮಾಜ ಗುರುತಿಸದ ದುಃಖವೆಂದು ಕೆನ್ನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ವಿವರಿಸಿದರು. ಕರೆಯೋಲೆಯಲ್ಲಿ ‘ಕುಟುಂಬದವರನ್ನು ಕಳೆದುಕೊಂಡವರು’ ಎಂದು ಅಚ್ಚು ಹಾಕಿಸಿದರೆ ಇವರಲ್ಲಿ ಅನೇಕರು ಬಾಗಿಲಲ್ಲೇ ಉಳಿದುಬಿಡುತ್ತಾರೆ. ‘ನೀವು ಪ್ರೀತಿಸಿದವರ ಹೆಸರನ್ನು ತನ್ನಿ’ ಎಂದಷ್ಟೇ ಬರೆಸು; ಸಂಬಂಧವೇನೆಂದು ಯಾರನ್ನೂ ಕೇಳಬೇಡ.

ಬಂದವರಲ್ಲಿ ಒಬ್ಬರು ಅತ್ತು, ಕಾಲುಗಂಟೆಯಲ್ಲೇ ಪಕ್ಕದವರ ಮಾತಿಗೆ ನಕ್ಕರೆ ನಿನಗೆ ವಿಚಿತ್ರವೆನಿಸಬಾರದು. ದುಃಖದಲ್ಲಿರುವವರು ನಷ್ಟವನ್ನು ನೆನೆಯುವುದಕ್ಕೂ ದಿನದ ಬದುಕನ್ನು ಮತ್ತೆ ಕಟ್ಟಿಕೊಳ್ಳುವುದಕ್ಕೂ ನಡುವೆ ಹೋಗಿಬರುತ್ತಲೇ ಇರುತ್ತಾರೆ, ಆ ಓಡಾಟವೇ ಚೇತರಿಕೆಯ ಭಾಗ ಎಂದು ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಪ್ರತಿಪಾದಿಸಿದ್ದಾರೆ. ನಡುವೆ ಎದ್ದು ಹೋಗಬಯಸುವವರನ್ನು ತಡೆಯದಿರು, ಆದರೆ ಒಬ್ಬರು ಅವರ ಜೊತೆಗೆ ಗೇಟಿನವರೆಗಾದರೂ ನಡೆಯಲಿ. ಕೇಳದೆ ಯಾರ ಫೋಟೊವನ್ನೂ ತೆಗೆಯಬಾರದು. ತಿಂಗಳುಗಟ್ಟಲೆ ಊಟ ನಿದ್ದೆಗಳಿಲ್ಲದೆ ನಲುಗಿರುವವರು ಕಂಡುಬಂದರೆ ಅವರಿಗೆ ಕೂಟವೊಂದೇ ಸಾಲದು. ಆಪ್ತಸಲಹೆ ಎಲ್ಲಿ ಸಿಗುತ್ತದೆಂಬುದನ್ನು ಮೊದಲೇ ವಿಚಾರಿಸಿಟ್ಟುಕೋ.

ಇನ್ನು ನಾನು ಮೊದಲು ಹೇಳಿದ, ಕೂಟದ ನಂತರ ಬಾಗಿಲು ತಟ್ಟುವ ಮಾತು. 2021ರ ಮಾರ್ಚ್‌ನಲ್ಲಿ ಲಂಡನ್ನಿನ ಸಂಸತ್ ಭವನಕ್ಕೆ ಎದುರಾಗಿ, ಥೇಮ್ಸ್ ನದಿಯ ಆಚೆ ದಡದ ಗೋಡೆಯ ಮೇಲೆ, ಕೋವಿಡ್‌ನಿಂದ ಸತ್ತವರಿಗಾಗಿ ಅವರ ಮನೆಯವರೂ ಸ್ವಯಂಸೇವಕರೂ ಒಂದೊಂದು ಜೀವಕ್ಕೆ ಒಂದೊಂದರಂತೆ ಕೆಂಪು ಹೃದಯಗಳನ್ನು ಬಿಡಿಸತೊಡಗಿದರು. ಕೆಲವೇ ದಿನಗಳಲ್ಲಿ ಅವು ಒಂದೂವರೆ ಲಕ್ಷದ ಹತ್ತಿರಕ್ಕೆ ಬಂದವು. ಬಿಸಿಲು ಮಳೆಗೆ ಆ ಬಣ್ಣ ಮಾಸುತ್ತದೆ. ಹಾಗಾಗಿ ಅವರಲ್ಲೇ ಕೆಲವರು ವಾರವಾರವೂ ಅಲ್ಲಿಗೆ ಬಂದು, ಮಾಸಿದ ಹೆಸರುಗಳನ್ನು ಮತ್ತೆ ಬರೆದು, ಹೃದಯಗಳಿಗೆ ಹೊಸ ಬಣ್ಣ ಹಚ್ಚುವ ಕೆಲಸವನ್ನು ವಹಿಸಿಕೊಂಡರು. ಮೊದಲ ದಿನ ಗೋಡೆಯ ಮುಂದೆ ಸೇರಿದ ಜನಸಂದಣಿಗಿಂತ ಈ ಕೆಲವರ ಮೇಲೆಯೇ ನನಗೆ ಹೆಚ್ಚು ಗೌರವ.

ನಿಮ್ಮಲ್ಲೂ ಅಂಥ ಏಳೆಂಟು ಜನರನ್ನು ಈಗಲೇ ಗುರುತಿಸು. ಬರುವವರು ಒಪ್ಪಿದರೆ ಅವರ ಮನೆ, ಅಗಲಿದವರ ಹೆಸರು, ತೀರಿಕೊಂಡ ದಿನ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಆ ತಿಂಗಳು ಬಂದಾಗ ಒಬ್ಬರು ಹೋಗಿ ಅರ್ಧ ಗಂಟೆ ಕೂತು ಬರಲಿ. ಒಂಟಿಯಾಗಿರುವವರಿಗೆ ಔಷಧ ತಂದುಕೊಡುವುದು, ಬ್ಯಾಂಕಿನ ಕಾಗದಪತ್ರಗಳಿಗೆ ಜೊತೆಯಾಗುವುದು, ಮಕ್ಕಳನ್ನು ಒಂದು ಸಂಜೆ ನೋಡಿಕೊಳ್ಳುವುದು, ಇವುಗಳಲ್ಲಿ ಯಾರಿಗೆ ಯಾವುದು ಸಾಧ್ಯವೆಂದು ಅವರವರೇ ಹೆಸರು ಬರೆಸಲಿ. ಕೌದಿಯನ್ನು ಸಮುದಾಯ ಭವನದ ಗಾಜಿನೊಳಗಿಟ್ಟು ಮರೆತುಬಿಡದೆ, ಪ್ರತಿ ವರ್ಷ ಬಿಚ್ಚಿ ಹೊಸ ತುಂಡುಗಳನ್ನು ಸೇರಿಸುವಂತೆ ಅಂಚನ್ನು ತೆರೆದಿಡಿ.

ನನ್ನ ಬಳಿ ನಿನ್ನ ಅಜ್ಜಿಯ ಹತ್ತಿಯ ಸೀರೆಗಳು ಎರಡಿವೆ. ತುಂಡುಗಳ ಅಳತೆಯನ್ನು ನಿಶ್ಚಯಿಸಿದ ಕೂಡಲೇ ತಿಳಿಸಿದರೆ ಕತ್ತರಿಸಿ ಈ ವಾರವೇ ಕಳುಹಿಸುತ್ತೇನೆ.

ಇಂತಿ,
ನಿನ್ನ ಪ್ರೀತಿಯ ಅಪ್ಪ