ನಿನ್ನ ಬೀದಿಯ ಆ ಬೇಲಿ ಸ್ಟ್ರೆಚರ್ ಕಣೋ

ಪ್ರೀತಿಯ ಗೆಳೆಯ,

ಮೊನ್ನೆ ನೀನು ಕಳಿಸಿದ ಫೋಟೋ ನೋಡಿ ನಗು ಬಂತು. "ಲಂಡನ್ನಿನವರಿಗೆ ಒಂದು ಬೇಲಿ ನೆಟ್ಟಗೆ ಹಾಕೋಕೆ ಬರಲ್ವಾ, ಕಂಬಿ ಎರಡೂ ಕಡೆ ಯಾಕೆ ಹೀಗೆ ಸೊಟ್ಟಗಿದೆ" ಅಂತ ಕೇಳಿದ್ದೆ. ಡಾಗ್ ಕೆನಲ್ ಹಿಲ್ ಪಕ್ಕದ ಹಳೇ ವಸತಿ ಕಟ್ಟಡಗಳ ಬೇಲಿ ಅಂದೆಯಲ್ಲ, ಹಾಗಾದರೆ ಅದು ಬೇಲಿಯಾಗಿ ಹುಟ್ಟಿದ್ದೇ ಅಲ್ಲ. ಸ್ಟ್ರೆಚರ್ ಅದು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದಾಗ ಗಾಯಾಳುಗಳನ್ನು ಹೊರೋಕೆ ಮಾಡಿಸಿದ ಸ್ಟ್ರೆಚರ್. ಫೋಟೋ ದೊಡ್ಡದು ಮಾಡಿ ನೋಡು. ಉದ್ದಕ್ಕೆ ಎರಡು ಕೊಳವೆ, ನಡುವೆ ತಂತಿ ಜಾಲರಿ, ತುದಿಗಳ ಹತ್ತಿರ ಮೊಣಕೈ ಮಡಿಸಿದ ಹಾಗೆ ಒಂದು ಬಾಗು. ನೆಲದ ಮೇಲಿಟ್ಟರೆ ಆ ಬಾಗೇ ಕಾಲು. ಹಿಡಿಕೆ ನೆಲಕ್ಕೆ ತಾಗುವುದಿಲ್ಲ, ಬೆರಳು ತೂರಿಸಿ ಎತ್ತೋಕೆ ಜಾಗ ಉಳಿಯುತ್ತದೆ. ಬಟ್ಟೆ ಬಿಟ್ಟು ಲೋಹ ಯಾಕೆ ಅಂದರೆ, ವಿಷಗಾಳಿ ತಗುಲಿದವರನ್ನು ಹೊತ್ತ ಮೇಲೆ ನೀರು ಬಿಟ್ಟು ತೊಳೆದು ಇನ್ನೊಬ್ಬರಿಗೆ ಬಳಸಬಹುದು. ಯುದ್ಧ ಮುಗಿದಾಗ ಇವು ರಾಶಿ ರಾಶಿ ಉಳಿದಿದ್ದವು. ಇತ್ತ ಬೀದಿ ಬೀದಿಯ ಹಳೇ ಕಬ್ಬಿಣದ ಬೇಲಿಗಳನ್ನೆಲ್ಲ ಯುದ್ಧಕ್ಕೆ ಬೇಕು ಅಂತ ಗುಜರಿಗೆ ಕಿತ್ತುಕೊಂಡು ಹೋಗಿದ್ದರು. ಸರಿ, ಸ್ಟ್ರೆಚರ್‌ಗಳನ್ನೇ ಅಡ್ಡ ನಿಲ್ಲಿಸಿ ಬೇಲಿ ಮಾಡಿದರು.

ಯುದ್ಧ ಶುರುವಾದ ದಿನ ಈ ಜನ ಏನು ಮಾಡ್ತಿದ್ದರು ಅಂತಲೂ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ, ಅದಕ್ಕೇ ಈ ಪತ್ರ. ಮೂರು ವಾರದಿಂದ ಇದನ್ನೇ ಓದುತ್ತಾ ಕೂತು ಮನೆಯಲ್ಲಿ ಬೈಸಿಕೊಂಡಿದ್ದೇನೆ. ನನಗೆ ಕಂಡದ್ದು ಇಷ್ಟು: ಆ ವಾರ ಯುದ್ಧ ಅನ್ನೋದು ಬಂದಿದ್ದು ಮನೆಗೆಲಸದ ರೂಪದಲ್ಲಿ. ಕಿಟಕಿಗೆ ಕಪ್ಪು ಪರದೆ ಹೊಲಿಯೋದು, ಮಕ್ಕಳ ಕೋಟಿಗೆ ಹೆಸರಿನ ಚೀಟಿ ಕಟ್ಟೋದು, ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗೋದು. ಬೆಕ್ಕಿನ ವಿಷಯಕ್ಕೆ ಆಮೇಲೆ ಬರ್ತೀನಿ.

1939ರ ಸೆಪ್ಟೆಂಬರ್ 1, ಶುಕ್ರವಾರ. ಬೆಳಗಿನ ಜಾವ ಜರ್ಮನಿ ಪೋಲೆಂಡ್ ಮೇಲೆ ಬಿತ್ತು. ಬ್ರಿಟನ್ ಇನ್ನೂ ಯುದ್ಧ ಸಾರಿರಲಿಲ್ಲ. ಆದರೆ ಅವತ್ತೇ ಬೆಳಗ್ಗೆ ಶಾಲೆಗಳ ಮುಂದೆ ಮಕ್ಕಳು ಸಾಲು ನಿಂತಿದ್ದರು. ಕತ್ತಿನಲ್ಲಿ ದಾರಕ್ಕೆ ತೂಗುವ ರಟ್ಟಿನ ಡಬ್ಬಿ, ಅದರೊಳಗೆ ಗ್ಯಾಸ್ ಮಾಸ್ಕ್, ಕೈಯಲ್ಲಿ ಒಂದು ಬ್ಯಾಗು. ರೈಲು ಎಲ್ಲಿಗೆ ಹೋಗುತ್ತೆ ಅಂತ ಅಪ್ಪ ಅಮ್ಮಂದಿರಿಗೂ ಗೊತ್ತಿಲ್ಲ. ಮಗು ಅಲ್ಲಿ ತಲುಪಿ ಪೋಸ್ಟ್ ಕಾರ್ಡ್ ಹಾಕಿದ ಮೇಲೇ ವಿಳಾಸ ಸಿಗೋದು. ಮೂರು ದಿನದಲ್ಲಿ ಸುಮಾರು 15 ಲಕ್ಷ ಜನರನ್ನು, ಬಹುಪಾಲು ಶಾಲೆ ಮಕ್ಕಳು ಮತ್ತು ಎಳೆಗೂಸಿನ ತಾಯಂದಿರನ್ನು, ನಗರಗಳಿಂದ ಹಳ್ಳಿಗಳಿಗೆ ಸಾಗಿಸಿದರು. ವ್ಯವಸ್ಥೆ ಅಂದರೆ ವ್ಯವಸ್ಥೆ. ಆದರೆ ಹಳ್ಳಿಯ ಸಭಾಭವನಕ್ಕೆ ಬಂದ ಮೇಲಿನದು ಓದೋಕೆ ಕಷ್ಟ. ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದರು, ಊರವರು ಬಂದು "ಇವಳು ನಮ್ಮನೆಗಿರಲಿ, ಆ ಗಟ್ಟಿಮುಟ್ಟು ಹುಡುಗ ಹೊಲದ ಕೆಲಸಕ್ಕೂ ಆಗ್ತಾನೆ" ಅಂತ ಆರಿಸಿಕೊಳ್ಳುತ್ತಿದ್ದರು, ಕಟ್ಟಕಡೆಗೆ ಯಾರಿಗೂ ಬೇಡವಾದ ಒಂದಿಬ್ಬರು ಕೊಳೆ ಅಂಗಿಯವರು ರಾತ್ರಿವರೆಗೂ ಹಾಗೇ ನಿಂತಿರುತ್ತಿದ್ದರು. ಇಟ್ಟುಕೊಂಡವರಿಗೆ ಸರ್ಕಾರ ಮೊದಲ ಮಗುವಿಗೆ ವಾರಕ್ಕೆ 10 ಶಿಲಿಂಗ್ 6 ಪೆನ್ಸ್ ಕೊಡುತ್ತಿತ್ತು.

ಇಷ್ಟು ಅವಸರ ಯಾಕೆ? ಲೆಕ್ಕ ಹಾಗಿತ್ತು ಮಾರಾಯ. ಬಾಂಬರ್ ವಿಮಾನ ಹೇಗಾದರೂ ಒಳಗೆ ನುಗ್ಗಿಯೇ ನುಗ್ಗುತ್ತೆ ಅಂತ ಮಾಜಿ ಪ್ರಧಾನಿ ಸ್ಟ್ಯಾನ್ಲಿ ಬಾಲ್ಡ್‌ವಿನ್ 1932ರಲ್ಲೇ ಪಾರ್ಲಿಮೆಂಟಿನಲ್ಲಿ ಹೇಳಿ ಎಲ್ಲರ ಎದೆ ನಡುಗಿಸಿದ್ದರು. ಅಧಿಕಾರಿಗಳು ಕೂತು ಲೆಕ್ಕ ಹಾಕಿದರು: ಮೊದಲ ಎರಡು ತಿಂಗಳಲ್ಲೇ 6 ಲಕ್ಷ ಸಾವು, 12 ಲಕ್ಷ ಗಾಯಾಳುಗಳು. ನಿನ್ನ ಬೇಲಿ ಹುಟ್ಟಿದ್ದು ಈ ಅಂಕಿಯಿಂದ. ಆರು ವರ್ಷದ ಇಡೀ ಯುದ್ಧದಲ್ಲಿ ಬಾಂಬಿಗೆ ಸತ್ತ ಬ್ರಿಟನ್ನಿನ ನಾಗರಿಕರು 60 ಸಾವಿರಕ್ಕೂ ಹೆಚ್ಚು. ಅದೇನು ಸಣ್ಣ ಸಂಖ್ಯೆ ಅಲ್ಲ. ಆದರೆ ಹೆದರಿದ್ದಕ್ಕೂ ನಡೆದದ್ದಕ್ಕೂ ಎಷ್ಟು ದೂರ ನೋಡು.

ಗ್ಯಾಸ್ ಮಾಸ್ಕ್ ಕಥೆಯೂ ಅಷ್ಟೇ. 3 ಕೋಟಿ 80 ಲಕ್ಷ ಮಾಸ್ಕ್ ಹಂಚಿದ್ದರು. ರಬ್ಬರಿನ ಘಾಟು, ಒಳಗೆ ಬೆವರು, ಕಣ್ಣಿನ ಮುಂದಿನ ಕಿಟಕಿಗೆ ಉಸಿರಿನ ಮಂಜು. ಚಿಕ್ಕ ಮಕ್ಕಳು ಹೆದರಬಾರದು ಅಂತ ಅವರದನ್ನು ಕೆಂಪು ನೀಲಿ ಬಣ್ಣದಲ್ಲಿ ಮಾಡಿ ಮಿಕ್ಕಿ ಮೌಸ್ ಹೆಸರಿಟ್ಟರು. ಕೂಸುಗಳಿಗೆ ಅರ್ಧ ಮೈ ಮುಚ್ಚುವ ಚೀಲದಂಥದ್ದು, ತಾಯಿ ಪಕ್ಕದಲ್ಲಿ ಕೂತು ಪಂಪ್ ಒತ್ತುತ್ತಲೇ ಇರಬೇಕು. ಜೋರಾಗಿ ಉಸಿರು ಬಿಟ್ಟರೆ ರಬ್ಬರ್ ಕೆನ್ನೆಗೆ ಬಡಿದು ಹೂಸಿನ ಸದ್ದು ಬರುತ್ತೆ ಅಂತ ಹುಡುಗರು ಬೇಗ ಕಂಡುಹಿಡಿದರು. ಕ್ಲಾಸ್ ಪೂರ್ತಿ ಡ್ರಿಲ್ ಮಾಡುವಾಗ ಟೀಚರ್ ಪಾಡು ಯೋಚಿಸು. ಕೊನೆವರೆಗೂ ಆ ದೇಶದ ಮೇಲೆ ಯಾರೂ ವಿಷಗಾಳಿ ಬಿಡಲೇ ಇಲ್ಲ.

ಸೆಪ್ಟೆಂಬರ್ 3, ಭಾನುವಾರ. ಪೋಲೆಂಡಿನಿಂದ ಸೇನೆ ವಾಪಸ್ ತಗೊಳ್ಳಿ ಅಂತ ಬ್ರಿಟನ್ ಜರ್ಮನಿಗೆ ಕೊಟ್ಟಿದ್ದ ಗಡುವು ಬೆಳಗ್ಗೆ 11ಕ್ಕೆ ಮುಗಿಯಿತು. 11.15ಕ್ಕೆ ಪ್ರಧಾನಿ ಚೇಂಬರ್ಲೇನ್ ರೇಡಿಯೋದಲ್ಲಿ ಮಾತಾಡಿದರು. ಜರ್ಮನಿಯಿಂದ ಉತ್ತರ ಬರಲಿಲ್ಲ, ಹಾಗಾಗಿ ನಾವೀಗ ಯುದ್ಧದಲ್ಲಿದ್ದೇವೆ ಅಂತ, ಸಾವಿನ ಸುದ್ದಿ ಹೇಳುವವರ ಸೋತ ದನಿಯಲ್ಲಿ. ಕೆಲವೇ ನಿಮಿಷದಲ್ಲಿ ಲಂಡನ್ ಮೇಲೆಲ್ಲ ಸೈರನ್! ಬಂದೇಬಿಟ್ಟರು ಅಂತ ಜನ ಒಲೆ ಆರಿಸಿ ಮಕ್ಕಳನ್ನು ಎಳೆದುಕೊಂಡು ಓಡಿದರು. ಬಂದದ್ದು ಮಿತ್ರದೇಶವಾದ ಫ್ರಾನ್ಸಿನ ಒಂದು ವಿಮಾನ.

ಅವತ್ತೇ ನಮ್ಮ ವೈಸರಾಯ್ ಲಿನ್ಲಿತ್‌ಗೋ ಕೂಡ ರೇಡಿಯೋಗೆ ಬಂದು ಭಾರತವೂ ಯುದ್ಧದಲ್ಲಿದೆ ಅಂದುಬಿಟ್ಟರು. ಇಲ್ಲಿಯ ಒಬ್ಬ ನಾಯಕರನ್ನೂ ಕೇಳಲಿಲ್ಲ. ಪೋಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಟವಂತೆ, ನಮ್ಮದರ ಮಾತೇ ಇಲ್ಲ. ಅಕ್ಟೋಬರ್-ನವೆಂಬರಿನಲ್ಲಿ ಪ್ರಾಂತ್ಯಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಆಗ ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿ, ಬಳ್ಳಾರಿ, ಮಂಗಳೂರು ಮದ್ರಾಸಿನಲ್ಲಿ. ಲಂಡನ್ನಿನ ಆ ಭಾನುವಾರದ ಬಿಸಿ ನಮ್ಮೂರುಗಳಿಗೂ ತಾಗಿತು.

ಈಗ ಬೆಕ್ಕು. ನಿನ್ನದನ್ನು ತೊಡೆ ಮೇಲಿಂದ ಇಳಿಸಿ ಓದು. ಆ ಬೇಸಿಗೆಯಲ್ಲಿ ಸಾಕುಪ್ರಾಣಿ ಇದ್ದವರಿಗೆ ಒಂದು ಕರಪತ್ರ ಹಂಚಿದ್ದರು. ಸಾಧ್ಯವಾದರೆ ಹಳ್ಳಿಗೆ ಕಳಿಸಿ, ಆಗದಿದ್ದರೆ ನೋವಿಲ್ಲದೆ ಸಾಯಿಸುವುದೇ ದಯೆ ಅಂತ. ಅದು ಆಜ್ಞೆ ಅಲ್ಲ, ಬರೀ ಸಲಹೆ. ಯುದ್ಧ ಶುರುವಾದ ಮೊದಲ ವಾರ ಪಶುವೈದ್ಯರ ಬಾಗಿಲಿಗೆ ಜನ ಕ್ಯೂ ನಿಂತರು. ನಾಯಿ ಸರಪಳಿ ಹಿಡಿದವರು, ಬುಟ್ಟಿ ಹೊತ್ತವರು. ಲಂಡನ್ ಒಂದರಲ್ಲೇ ಸುಮಾರು 4 ಲಕ್ಷ ನಾಯಿ ಬೆಕ್ಕುಗಳು ಹೋದವು ಅಂತ ಇತಿಹಾಸಕಾರರ ಅಂದಾಜು. ಬಾಂಬ್ ಒಂದೂ ಬಿದ್ದಿರಲಿಲ್ಲ. ಲಂಡನ್ ಮೃಗಾಲಯದಲ್ಲಿ ವಿಷದ ಹಾವುಗಳನ್ನು ಕೊಂದರು, ಗಾಜು ಒಡೆದು ಬೀದಿಗೆ ಬಂದರೆ ಏನು ಗತಿ ಅಂತ. ಪಾಂಡಾಗಳನ್ನು ಹಳ್ಳಿಗಾಡಿನ ವಿಪ್ಸ್‌ನೇಡ್‌ಗೆ ಸಾಗಿಸಿದರು. ಹಾವಿಗೊಂದು ನ್ಯಾಯ, ಪಾಂಡಾಗೊಂದು. ಆ ಕ್ಯೂನಲ್ಲಿ ನಿಂತವರನ್ನು ಬೈಯೋಕೆ ನನಗೆ ಮನಸ್ಸು ಬರಲ್ಲ. ಮಗುವನ್ನು ಶುಕ್ರವಾರ ರೈಲು ಹತ್ತಿಸಿ, ಗಂಡನನ್ನೂ ಕ್ಯಾಂಪಿಗೆ ಕಳಿಸಿ, ಖಾಲಿ ಮನೆಯಲ್ಲಿ ಬೆಕ್ಕಿನ ಮುಖ ನೋಡುತ್ತಾ ಕೂತವಳು ಏನು ಯೋಚಿಸಿದಳೋ. ಆದರೂ ನನಗೆ ಆ ಪುಟ ದಾಟಿ ಮುಂದೆ ಓದೋಕೆ ಎರಡು ದಿನ ಹಿಡಿಯಿತು.

ಇನ್ನು ಕತ್ತಲು. ಶುಕ್ರವಾರ ರಾತ್ರಿಯಿಂದಲೇ ಬ್ಲ್ಯಾಕೌಟ್, ಮೇಲಿನ ವಿಮಾನಕ್ಕೆ ಊರು ಕಾಣಬಾರದು ಅಂತ. ಬೀದಿ ದೀಪ ಇಲ್ಲ, ಕಾರಿನ ದೀಪಕ್ಕೆ ಮುಸುಕು, ಕಿಟಕಿಯಲ್ಲಿ ಗೆರೆ ಬೆಳಕು ಕಂಡರೂ ಬೀದಿ ಕಾಯುವ ವಾರ್ಡನ್ ಬಾಗಿಲು ಬಡಿದು ಕೂಗುತ್ತಿದ್ದ. ಫುಟ್‌ಪಾತ್ ಅಂಚಿಗೆ, ಮರದ ಬುಡಕ್ಕೆ ಬಿಳಿ ಬಣ್ಣ. ಗಂಡಸರು ರಾತ್ರಿ ಹೊರಗೆ ಹೋಗುವಾಗ ಅಂಗಿಯ ತುದಿ ಪ್ಯಾಂಟಿನಿಂದ ಹೊರಗೆ ಬಿಡಿ, ಬಿಳಿ ಕಾಣುತ್ತೆ ಅಂತ ಸಲಹೆ. ಎಸೆಕ್ಸ್‌ನಲ್ಲಿ ಒಬ್ಬ ರೈತ ಹಸುಗಳಿಗೇ ಬಿಳಿ ಪಟ್ಟೆ ಬಳಿದ, ಅದರ ಫೋಟೋ ಇದೆ, ಹಸುವಿಗೆ ಮಾತ್ರ ಏನೂ ಅನಿಸಿದ ಹಾಗಿಲ್ಲ. ಇಷ್ಟೆಲ್ಲ ಮಾಡಿದರೂ ಆ ತಿಂಗಳು ರಸ್ತೆ ಸಾವುಗಳು ಹಿಂದಿನ ವರ್ಷದ ಸೆಪ್ಟೆಂಬರಿನ ಎರಡರಷ್ಟಾದವು. ಜರ್ಮನಿಯ ವಿಮಾನಪಡೆ ನೆಲ ಬಿಟ್ಟು ಏಳದೆಯೇ ತಿಂಗಳಿಗೆ 600 ಜನರನ್ನು ಕೊಲ್ಲುತ್ತಿದೆ ಅಂತ ರಾಜನ ಶಸ್ತ್ರವೈದ್ಯ ವಿಲ್ಫ್ರೆಡ್ ಟ್ರಾಟರ್ ವೈದ್ಯರ ಪತ್ರಿಕೆಯಲ್ಲಿ ಬರೆದರು.

ಸೈನಿಕರು ಎಲ್ಲಿ ಅಂತೀಯಾ? ಭಾನುವಾರವೇ ಕಾನೂನು ಬಂತು, 18ರಿಂದ 41 ವಯಸ್ಸಿನ ಗಂಡಸರನ್ನು ಸೇನೆಗೆ ಕರೆಯಬಹುದು ಅಂತ. ಲಾರ್ಡ್ ಗಾರ್ಟ್ ಕೈಕೆಳಗೆ ಐದಾರು ವಾರದಲ್ಲಿ 1 ಲಕ್ಷ 58 ಸಾವಿರ ಜನ ಫ್ರಾನ್ಸಿಗೆ ದಾಟಿದರು. ಅಲ್ಲಿ ಮಾಡಿದ್ದೇನು? ಬೆಲ್ಜಿಯಂ ಗಡಿಯಲ್ಲಿ ಕಂದಕ ತೋಡಿದರು, ಕಾಂಕ್ರೀಟ್ ಕಲಸಿದರು. ಇಪ್ಪತ್ತೈದು ವರ್ಷದ ಹಿಂದೆ, ಮೊದಲ ಮಹಾಯುದ್ಧದಲ್ಲಿ, ಅವರ ಅಪ್ಪಂದಿರು ಅದೇ ಸೀಮೆಯಲ್ಲಿ ಅಗೆದಿದ್ದರು. ಬ್ರಿಟನ್ನಿನ ವಿಮಾನಗಳು ಮೊದಲ ರಾತ್ರಿ ಜರ್ಮನಿ ಮೇಲೆ ಸುರಿದದ್ದು ಕರಪತ್ರ! ಸಮುದ್ರದಲ್ಲಿ ಮಾತ್ರ ತಮಾಷೆ ಇರಲಿಲ್ಲ. ಆ ಭಾನುವಾರ ಸಂಜೆಯೇ ಅಥೀನಿಯಾ ಅನ್ನೋ ಪ್ರಯಾಣಿಕರ ಹಡಗನ್ನು ಜರ್ಮನಿಯ ಜಲಾಂತರ್ಗಾಮಿ ಹೊಡೆದು ನೂರಕ್ಕೂ ಜಾಸ್ತಿ ಜನ ಸತ್ತರು. ನೆಲದ ಮೇಲಿನ ಕಾಳಗದಲ್ಲಿ ಮೊದಲ ಬ್ರಿಟಿಷ್ ಸೈನಿಕ ಸತ್ತದ್ದು ಡಿಸೆಂಬರ್ 9ಕ್ಕೆ. ಕಾರ್ಪೊರಲ್ ಥಾಮಸ್ ಪ್ರೈಡೆ, ಗಸ್ತಿಗೆ ಹೋದಾಗ. ಹಿಂದೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದ ಹೆಸರು ತಿರುಚಿ ಜನ ಇದನ್ನು ‘ಬೋರ್ ಯುದ್ಧ’ ಅಂತ ಕರೆದರು. ನಮಗೆ ಅನುವಾದವೇ ಬೇಡ.

ಜನವರಿ ಹೊತ್ತಿಗೆ ಹಳ್ಳಿಗೆ ಹೋದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವಾಪಸ್ ಬಂದಿದ್ದರು. ಏನೂ ಆಗ್ತಿಲ್ಲವಲ್ಲ, ಮಗು ಮನೆಯಲ್ಲೇ ಇರಲಿ ಅಂತ. ಲಂಡನ್ ಮೇಲೆ ಬಾಂಬಿನ ಸುರಿಮಳೆ ಶುರುವಾದದ್ದು 1940ರ ಸೆಪ್ಟೆಂಬರಿನಲ್ಲಿ, ಎಷ್ಟೋ ಜನ ಮನೆಗೆ ಮರಳಿದ್ದಾಗ. ನಿನ್ನ ಬೀದಿಯ ಸ್ಟ್ರೆಚರ್‌ಗಳಲ್ಲಿ ಎಷ್ಟಕ್ಕೆ ಕೆಲಸ ಬಿತ್ತೋ, ಎಷ್ಟು ಹಾಗೇ ಹೊಸದಾಗಿ ಉಳಿದವೋ.

ಭಾನುವಾರ ಬಿಡುವಿದ್ದರೆ ಒಂದು ಟೇಪ್ ತಗೊಂಡು ಹೋಗಿ ಅಳತೆ ಮಾಡು. ನಿನ್ನಂಥ ಆರಡಿ ಆಳು ಅದರ ಮೇಲೆ ಹಿಡಿಸ್ತಾನಾ ಅಂತ ನನಗೆ ಅನುಮಾನ. ಜಾಲರಿ ಹತ್ತಿರದಿಂದ ಒಂದು ಫೋಟೋ ತೆಗಿ, ಈ ಸಲ ಬೆರಳು ಅಡ್ಡ ಬರದ ಹಾಗೆ.

ನಿನ್ನವ