ಬಾರ್ ಬಿದ್ದರೆ ಓಟ ನೋಡಿಕೋ

ಚಿ. ಕು. ಮೇಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇನ್ನು ಮುಂದೆ ಹಿರಿಯರ ವಿಭಾಗದಲ್ಲಿ ಹೈಜಂಪ್‌ಗೆ ಇಳಿಯುತ್ತೀಯಂತೆ, ಸಂತೋಷ. ಹಾರಿ ದಾಟಬೇಕಾದ ಅಡ್ಡಕೋಲು, ಅಂದರೆ ಬಾರ್, ಬಿದ್ದಾಗಲೆಲ್ಲ ಬೆನ್ನು ಬಾಗಲಿಲ್ಲವೆಂದು ಕೊರಗಬೇಡ. ನೆಲ ಬಿಟ್ಟ ಮೇಲೆ ದೇಹ ಸಾಗುವ ದಾರಿಯನ್ನು ಯಾರೂ ಬದಲಿಸಲಾರರು. ತಪ್ಪು ಹೆಚ್ಚಾಗಿ ಕೊನೆಯ ಐದು ಹೆಜ್ಜೆಗಳಲ್ಲೇ ಆಗಿರುತ್ತದೆ.

ಹತ್ತು ಹೆಜ್ಜೆಯ ಓಟವಾದರೆ ಐದು ನೇರ, ಐದು ತಿರುವಿನಲ್ಲಿ. ತಿರುವಿನಲ್ಲಿ ಮೈ ಬಾರಿನಿಂದ ಆಚೆಗೆ ವಾಲಿರಬೇಕು, ಅದೂ ಸೊಂಟದಿಂದಲ್ಲ, ಕಣಕಾಲಿನಿಂದ. ಎತ್ತರ ಏರಿದಂತೆ ಹುಡುಗಿಯರು ಗಾಬರಿಯಲ್ಲಿ ತಿರುವನ್ನು ಕತ್ತರಿಸಿ ನೇರ ಬಾರಿನತ್ತ ಓಡುತ್ತಾರೆ. ವಾಲು ತಪ್ಪಿ, ಮೇಲೇಳುವ ಬದಲು ಬಾರಿನ ಮೇಲೇ ಬೀಳುತ್ತಾರೆ. ಮೇಲೇರುವಾಗ ಬಾರ್ ತಗುಲಿತೇ? ತೀರಾ ಹತ್ತಿರದಿಂದ ಜಿಗಿದಿದ್ದೀಯ, ಓಟ ಶುರುಮಾಡುವ ಗುರುತನ್ನು ಅರ್ಧ ಅಡಿ ಹಿಂದಕ್ಕಿಡು. ಇಳಿಯುವಾಗ ತಗುಲಿದರೆ ದೂರವಾಯಿತು, ಮುಂದಕ್ಕೆ ತಾ. ಎದುರುಗಾಳಿಯಲ್ಲಿ ಹೆಜ್ಜೆ ಕಿರಿದಾಗುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೋ. ಎರಡು ಗುರುತುಗಳಿಗೆ ನಿಯಮದಲ್ಲಿ ಅವಕಾಶವಿದೆ. ಕಂಬದಿಂದ ಟೇಪ್ ಹಿಡಿದು ಅಳೆದೇ ಇಡು, ಕಣ್ಣಂದಾಜು ಬೇಡ.

ನೆಲ ಒದ್ದು ಮೇಲೇಳುವ ಟೇಕಾಫ್ ಪಾದ, ಬೀಳುವ ಮ್ಯಾಟಿನ ಆಚೆಯ ಹಿಂಬದಿ ಮೂಲೆಯ ಕಡೆ ಮುಖ ಮಾಡಿರಲಿ. ಬಾರಿಗೆ ಸಮಾನಾಂತರವಾಗಿ ಊರಿದರೆ ಕಣಕಾಲು ಹೊರಳುತ್ತದೆ. ಮೊಣಕಾಲ ಚಿಪ್ಪಿನ ಕೆಳಗಿನ ನೋವು ಬೇರೆ ಜಾತಿಯದು: ಮೈ ಬೆಚ್ಚಗಾದರೆ ಮಾಯ, ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಹಾಜರ್. ಅದು ಕಾಣಿಸಿದ ವಾರವೇ ಪೂರ್ತಿ ಓಟದ ಜಿಗಿತಗಳನ್ನು ಕಡಿಮೆ ಮಾಡು.

ಹಗುರಾದರೆ ಎತ್ತರ ಹಾರಬಹುದೆಂದು ಊಟ ಬಿಡುವವರಿದ್ದಾರೆ. ಹೊಟ್ಟೆಗೆ ಸಾಲದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗಿ ಸಣ್ಣ ಬಿರುಕು ಬಿಡುತ್ತದೆ. ಮುಟ್ಟು ಮೂರು ತಿಂಗಳು ತಪ್ಪಿದರೆ ಮುಚ್ಚಿಡದೆ ವೈದ್ಯರಿಗೆ ತೋರಿಸು. ಅವಸರ ಯಾಕೆ? ಜರ್ಮನಿಯ ಉಲ್ರಿಕೆ ಮೇಫಾರ್ಟ್ 1972ರಲ್ಲಿ 16ರ ವಯಸ್ಸಿಗೆ ಒಲಿಂಪಿಕ್ ಚಿನ್ನ ಗೆದ್ದು, ಮತ್ತೆ ಗೆದ್ದದ್ದು 1984ರಲ್ಲಿ. ಬಲ್ಗೇರಿಯಾದ ಸ್ಟೆಫ್ಕಾ ಕೋಸ್ಟಾದಿನೋವಾ 1987ರಲ್ಲಿ ಹಾರಿದ 2.09 ಮೀಟರನ್ನು ದಾಟಲು ಲೋಕಕ್ಕೇ 2024ರವರೆಗೆ ಕಾಯಬೇಕಾಯಿತು. ಆಗ ಉಕ್ರೇನಿನ ಯಾರೋಸ್ಲಾವಾ ಮಹುಚಿಖ್ 2.10 ಹಾರಿದರು.

ಅದೇ ವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹುಚಿಖ್ ಮತ್ತು ಆಸ್ಟ್ರೇಲಿಯಾದ ನಿಕೋಲಾ ಒಲಿಸ್ಲಾಗರ್ಸ್ ಇಬ್ಬರೂ ಹಾರಿದ್ದು 2.00 ಮೀಟರ್. ಚಿನ್ನ, ಬೆಳ್ಳಿ ತೀರ್ಮಾನವಾದದ್ದು ತಪ್ಪುಗಳ ಎಣಿಕೆಯಿಂದ. ಸಮಬಲವಾದರೆ ಮೊದಲು ನೋಡುವುದು ಕೊನೆಗೆ ದಾಟಿದ ಎತ್ತರದಲ್ಲಿನ ತಪ್ಪು, ಆಮೇಲೆ ಅಲ್ಲಿಯವರೆಗಿನ ಒಟ್ಟು ತಪ್ಪು. ಹಾಗಾಗಿ 1.65ರಲ್ಲಿ ಉದಾಸೀನದಿಂದ ಎರಡು ಸಲ ಬೀಳಿಸಿದ್ದು ಸಂಜೆಯ ಹೊತ್ತಿಗೆ ಪದಕಕ್ಕೇ ಕುತ್ತು ತರಬಹುದು. ಕಾಲು ಉಳಿಸಲು ಕೆಳಗಿನ ಎತ್ತರ ಬಿಡುವುದಾದರೆ ಬಿಡು. ಆದರೆ ಆರಂಭದ ಎತ್ತರ ಅಭ್ಯಾಸದಲ್ಲಿ ಸದಾ ದಾಟುವಂಥದ್ದೇ ಆಗಿರಲಿ. ಅಲ್ಲಿ ಮೂರು ಸಲ ತಪ್ಪಿದರೆ ನಿನ್ನ ಹೆಸರ ಮುಂದೆ ಅಳತೆಯೇ ಇರದು.

ಈಗ ಇಡುತ್ತಿರುವ ಗುರುತುಗಳ ಅಳತೆ, ಕಂಬದಿಂದ ಪಕ್ಕಕ್ಕೆಷ್ಟು, ಹಿಂದಕ್ಕೆಷ್ಟು, ಬರೆದು ಕಳಿಸು.

ನಿನ್ನ ದೊಡ್ಡಮ್ಮ